ಸುಮಿತ್ರಮ್ಮನ ಕಷಾಯದ ಪುಡಿಯಲ್ಲಿ ಏನಿತ್ತು

ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿದ್ದೆ ಎಂದರೆ ಜನ ಮೊದಲು ಕೇಳುವುದು, ಯಾವುದರಲ್ಲಿ ಕಲಬೆರಕೆ ಜಾಸ್ತಿ ಎಂದು. ಎರಡನೆಯ ಪ್ರಶ್ನೆ, ಹಾಗಾದರೆ ನೀವು ಮನೆಯಲ್ಲಿ ಏನು ತಿನ್ನುತ್ತೀರಿ ಎಂದು. ನಾನು ಎಲ್ಲವನ್ನೂ ತಿನ್ನುತ್ತೇನೆ. ಮೂವತ್ತು ವರ್ಷ ಸೊಪ್ಪು, ಬೇರು, ಕಾಳು, ಪುಡಿಗಳ ಒಳಗೆ ಇಣುಕಿ ನೋಡಿದ ಮೇಲೆ ಊಟದ ಬಗ್ಗೆ ನನಗೆ ಹೆಚ್ಚಿದ್ದು ಭಯವಲ್ಲ, ಕುತೂಹಲ. ಈಚೆಗೆ ಇಂಥದೇ ಕೆಲಸಕ್ಕೆ ಸೇರಿದ ಇಬ್ಬರು ಕನ್ನಡದ ಹುಡುಗಿಯರು ಮನೆಗೆ ಬಂದು, ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವಳು. ರಸಾಯನಶಾಸ್ತ್ರ ಓದಿ, ಮದುವೆಯಾಗಿ, ಗಂಡನ ಕೆಲಸದ ಹಿಂದೆ ನೆದರ್ಲೆಂಡ್ಸಿಗೆ ಬಂದು, ಡಚ್ ಕಲಿತು, ರೈಸ್‌ವೈಕ್‌ನ ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ದೂರದ ಒಂದು ಖಾಸಗಿ ಲ್ಯಾಬಿಗೆ ಸೇರಿದೆ. ನಮ್ಮದು ಸಸ್ಯಗಳ ವಿಭಾಗ. ಚಹಾ, ಮದ್ದಿನ ಪುಡಿ, ಲೇಹ್ಯ, ರಾಗಿ ಹುರಿಹಿಟ್ಟು, ಮಕ್ಕಳ ಗಂಜಿ, ಏನು ಬಂದರೂ ಅದರಲ್ಲಿ ಏನಿದೆ, ಎಷ್ಟಿದೆ ಎಂದು ಹೇಳುವುದು ಕೆಲಸ. ಸಿನಿಮಾದಲ್ಲಿ ತೋರಿಸುವ ಹಾಗೆ ಬಣ್ಣಬಣ್ಣದ ನೀರು ಹೊಗೆಯಾಡುವುದಿಲ್ಲ. ದಿನದ ಬಹುಪಾಲು ಹೋಗುವುದು ಪುಡಿ ಮಾಡುವುದರಲ್ಲಿ, ತೂಗುವುದರಲ್ಲಿ, ನೆನೆಸಿ ಸೋಸುವುದರಲ್ಲಿ, ಆಮೇಲೆ ಪಾತ್ರೆ ತೊಳೆಯುವುದರಲ್ಲಿ. ಅಡುಗೆಮನೆಗೆ ಬೇಸರ ಪಡುವವರು ಈ ಕೆಲಸಕ್ಕೆ ಬರಬಾರದು.

ನಾನು ಸೇರಿದಾಗ ಗಾಜಿನ ಹಲಗೆಗೆ ಬಿಳಿಯ ಪುಡಿ ಬಳಿದು, ಕಷಾಯದ ಒಂದು ಚುಕ್ಕೆ ಇಟ್ಟು, ಹಲಗೆಯ ಅಂಚನ್ನು ದ್ರಾವಣದಲ್ಲಿ ಅದ್ದುತ್ತಿದ್ದೆವು. ದ್ರಾವಣ ಮೇಲೇರುತ್ತ ಚುಕ್ಕೆಯನ್ನು ಬಿಡಿಸಿ ಹಲವು ಚುಕ್ಕೆ ಮಾಡುತ್ತಿತ್ತು. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು ನೇರಳೆ ದೀಪ ಹಾಕಿದರೆ ಅರಿಶಿನ ಹಳದಿಯಾಗಿ ಉರಿಯುತ್ತಿತ್ತು, ಎಲೆಯ ಹಸಿರು ಕೆಂಪಾಗಿ ಕಾಣುತ್ತಿತ್ತು. ಆ ಹಲಗೆಗಳನ್ನು ನೋಡುತ್ತ ನಿಂತರೆ ಊಟ ಮರೆಯುತ್ತಿತ್ತು. ನಂತರ ಯಂತ್ರಗಳು ಬಂದವು. ಸಣ್ಣ ಉಕ್ಕಿನ ಕೊಳವೆಯೊಳಗೆ ರಸವನ್ನು ನೂಕಿದರೆ ಅದರೊಳಗಿನ ಒಂದೊಂದು ವಸ್ತುವೂ ತನ್ನ ತನ್ನ ಹೊತ್ತಿಗೆ ಹೊರಬರುತ್ತದೆ, ಪರದೆಯ ಮೇಲಿನ ಗೆರೆ ಏರಿ ಇಳಿಯುತ್ತದೆ. ಏರಿದ ಜಾಗಕ್ಕೆ ಪೀಕ್ ಎನ್ನುತ್ತೇವೆ. ಯಾವಾಗ ಏರಿತು ಎನ್ನುವುದು ವಸ್ತು ಯಾವುದೆಂದು ಹೇಳುತ್ತದೆ, ಎಷ್ಟು ಏರಿತು ಎನ್ನುವುದು ಎಷ್ಟಿದೆ ಎಂದು. ನಿಖರವಾದದ್ದು ಯಂತ್ರವೇ. ಆದರೂ ಕತ್ತಲೆ ಪೆಟ್ಟಿಗೆಯ ಆ ಹಳದಿಯ ನೆನಪು ಹೋಗಿಲ್ಲ.

ನನ್ನ ಮೇಲಧಿಕಾರಿ ಯೋಸ್. ಇಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದೇ ಕರೆಯಬೇಕು, ಅದು ನನ್ನ ನಾಲಿಗೆಗೆ ಹೊಂದಲು ಬಹಳ ಕಾಲ ಬೇಕಾಯಿತು. ಯೋಸ್ ಉದ್ದನೆಯ ಮನುಷ್ಯ, ಮಾತು ಒಣ, ಮುಖದಲ್ಲಿ ನಗು ಕಾಣಿಸುವುದು ಅಪರೂಪ. ಆದರೆ ಅವನಂಥ ಅನುಮಾನದ ಪ್ರಾಣಿಯ ಕೈಕೆಳಗೆ ಕೆಲಸ ಕಲಿತದ್ದು ನನ್ನ ಅದೃಷ್ಟ.

ಒಮ್ಮೆ ಒಂದು ಕಂಪನಿಯವರು ನುಗ್ಗೆಸೊಪ್ಪಿನ ಪುಡಿ ಕಳಿಸಿದರು. ಅದರಲ್ಲಿ ಕಬ್ಬಿಣದ ಅಂಶ ಎಷ್ಟೆಂದು ಹೇಳಿದರೆ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುವ ಆಸೆ ಅವರಿಗೆ. ಅಳೆದರೆ ನಂಬಲಾಗದಷ್ಟು ಬಂತು. ಮತ್ತೆ ಅಳೆದೆ, ಅಷ್ಟೇ ಬಂತು. ನಮ್ಮೂರಿನ ಸೊಪ್ಪಿನ ಹೆಮ್ಮೆಯಿಂದ ಫಲಿತಾಂಶ ತೋರಿಸಿದರೆ ಯೋಸ್ ಕನ್ನಡಕ ಮೇಲೆತ್ತಿ ಕೇಳಿದ:

"ವಾರಿಜಾ, ಇದು ಎಲೆಯೋ, ಮೊಳೆಯೋ?"

ಅವಮಾನವಾಯಿತು, ಆದರೆ ತಲೆಯಲ್ಲಿ ಹುಳ ಬಿಟ್ಟ ಹಾಗೂ ಆಯಿತು. ಪುಡಿ ಬೇಡ, ಪುಡಿ ಮಾಡದ ಒಣ ಎಲೆಯನ್ನೇ ಕಳಿಸಿ ಎಂದು ಕಂಪನಿಗೆ ಬರೆದೆ. ಬಂದ ಎಲೆಯನ್ನು ತೊಳೆದು, ಒಣಗಿಸಿ, ಪಿಂಗಾಣಿಯ ಕುಟ್ಟಾಣಿಯಲ್ಲಿ ಅರೆದು ಅಳೆದಾಗ ಒಂದು ಒಳ್ಳೆಯ ಸೊಪ್ಪಿನಲ್ಲಿ ಇರಬೇಕಾದಷ್ಟೇ ಕಬ್ಬಿಣವಿತ್ತು. ಉಳಿದದ್ದು ಎಲೆಗೆ ಅಂಟಿದ ಕೆಂಪು ಧೂಳಿನದು ಮತ್ತು ಸವೆದ ಗಿರಣಿಯ ಹಲ್ಲಿನದು. ಕಂಪನಿಯವರು ಫೋನು ಮಾಡಿ, ಕಬ್ಬಿಣ ಎಲ್ಲಿಂದ ಬಂದರೂ ಕಬ್ಬಿಣವೇ ತಾನೆ ಎಂದು ವಾದಿಸಿದರು. ಯೋಸ್ ಶಾಂತವಾಗಿ, "ಹಾಗಾದರೆ ಪೊಟ್ಟಣದ ಮೇಲೆ ಎಲೆಯ ಪಕ್ಕದಲ್ಲಿ ಗಿರಣಿಯ ಚಿತ್ರವನ್ನೂ ಹಾಕಿಸಿ" ಎಂದ. ಸಂಖ್ಯೆ ಬಂದ ಮೇಲೆ ಅದು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ನನಗೆ ಹತ್ತಿದ್ದು ಅಲ್ಲಿಂದ.

ಕೋವಿಡ್ ಬಂದಾಗ ಲ್ಯಾಬಿಗೆ ಪಾಳಿಯಲ್ಲಿ ಹೋಗುವ ಹಾಗಾಯಿತು. ಕೋಣೆಗೆ ಇಬ್ಬರೇ, ನಡುವೆ ಒಂದೂವರೆ ಮೀಟರು. ಕೈಗವಸು ಸಿಗುತ್ತಿರಲಿಲ್ಲ. ರಸ ಹೀರುವ ಪಿಪೆಟ್ಟಿನ ತುದಿಗೆ ಹಾಕುವ ಪ್ಲಾಸ್ಟಿಕ್ ಮೂತಿಗಳಂತೂ ಎಲ್ಲೂ ಇರಲಿಲ್ಲ, ಎಲ್ಲವೂ ಕೋವಿಡ್ ಪರೀಕ್ಷೆಗೆ ಹೋಗುತ್ತಿದ್ದವು. ಒಮ್ಮೆ ಬಳಸಿ ಎಸೆಯುವ ಆ ಮೂತಿಗಳನ್ನು ತೊಳೆದು ಮತ್ತೆ ಬಳಸೋಣ ಎಂದು ಯೋಸ್ ಅಪ್ಪಣೆ ಮಾಡಿದ. ತೊಳೆದೆವು, ಒಣಗಿಸಿದೆವು. ಮರುದಿನ ನೋಡಿದರೆ ಬರೀ ನೀರಿನಲ್ಲೂ ಅರಿಶಿನ! ಪುದೀನದಲ್ಲೂ ಅರಿಶಿನ, ಕ್ಯಾಮೊಮೈಲ್ ಚಹಾದಲ್ಲೂ ಅರಿಶಿನ. ಅರಿಶಿನ ಬಟ್ಟೆಗೆ ಹತ್ತಿದರೇ ಹೋಗುವುದಿಲ್ಲ, ಪ್ಲಾಸ್ಟಿಕ್ಕಿಗೆ ಹತ್ತಿದರೆ ಹೋಗುತ್ತದೆಯೇ? ಆ ದಿನದ ಕೆಲಸವನ್ನೆಲ್ಲ ಎಸೆದು ಮತ್ತೆ ಮೊದಲಿನಿಂದ ಮಾಡಿದೆವು. ಯೋಸ್ ಯಾರ ಕಡೆಗೂ ನೋಡದೆ ಮೂತಿಗಳ ಡಬ್ಬವನ್ನು ಕಸಕ್ಕೆ ಹಾಕಿದ.

ಬರುವ ಮಾದರಿಗಳೂ ಬದಲಾದವು. ಎಲ್ಲ ದೇಶದ ಅಜ್ಜಿಯರೂ ಒಟ್ಟಿಗೆ ಎದ್ದು ನಿಂತ ಹಾಗಿತ್ತು. ಚ್ಯವನಪ್ರಾಶ, ಕರಿಜೀರಿಗೆ ಎಣ್ಣೆ, ಶುಂಠಿಯ ಪಾಕ, ಅಮೃತಬಳ್ಳಿ ಪುಡಿ, ಹೆಸರೇ ಕೇಳಿರದ ಬೇರುಗಳು. ಆ ಹೊತ್ತಿಗೆ ಚಹಾ ಪೊಟ್ಟಣ ಮಾಡುವ ಒಬ್ಬ ಗಿರಾಕಿಗಾಗಿ ನಾವು ಜೇಷ್ಠಮಧು ಅಳೆಯುವ ಹೊಸ ವಿಧಾನ ಸಿದ್ಧಪಡಿಸುತ್ತಿದ್ದೆವು. ಆ ಬೇರಿಗೆ ಸಿಹಿ ಕೊಡುವ ಒಂದು ವಸ್ತುವಿದೆ. ಅದು ದಿನವೂ ಹೊಟ್ಟೆಗೆ ಜಾಸ್ತಿ ಹೋದರೆ ದೇಹ ಉಪ್ಪು, ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಮ್ಮನ್ನು ಹೊರಗೆ ಹಾಕುತ್ತದೆ. ರಕ್ತದೊತ್ತಡ ಏರುತ್ತದೆ, ಕಾಲಿನ ಶಕ್ತಿ ಸೋರಿಹೋಗುತ್ತದೆ. ಆದ್ದರಿಂದ ಎಷ್ಟಿದೆ ಎಂದು ತಿಳಿಯುವುದು ಮುಖ್ಯ.

ಆಗಲೇ ರಶ್ಮಿಯ ಫೋನು ಬಂತು. ರಶ್ಮಿ ಮೈಸೂರಿನ ಹುಡುಗಿ, ಐಟಿ ಕೆಲಸ, ಆಮ್ಸ್ಟೆಲ್‌ವೀನ್‌ನಲ್ಲಿ ಮನೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯ. ಅವಳ ತಾಯಿ ಸುಮಿತ್ರಮ್ಮ ಕೋವಿಡ್ಡಿಗೆ ಸ್ವಲ್ಪ ಮೊದಲು ಮಗಳ ಮನೆಗೆಂದು ಬಂದವರು, ವಿಮಾನ ನಿಂತು ಇಲ್ಲೇ ಉಳಿದಿದ್ದರು.

"ಆಂಟಿ, ಅಮ್ಮನಿಗೆ ಬಿಪಿ ಕಂಟ್ರೋಲ್‌ಗೇ ಬರ್ತಿಲ್ಲ. ಹೌಸ್‌ಆರ್ಟ್ಸ್ ಮಾತ್ರೆ ಜಾಸ್ತಿ ಮಾಡಿದ್ರು, ಆದ್ರೂ ಇಲ್ಲ." ಹೌಸ್‌ಆರ್ಟ್ಸ್ ಎಂದರೆ ಇಲ್ಲಿನ ಕುಟುಂಬ ವೈದ್ಯರು. "ಬ್ಲಡ್ ಟೆಸ್ಟಲ್ಲಿ ಪೊಟ್ಯಾಸಿಯಂ ತುಂಬಾ ಲೋ. ಮೆಟ್ಟಿಲು ಹತ್ತೋಕೆ ಕಾಲೇ ಏಳಲ್ಲ ಅಂತಾಳೆ. ಹೀಗೇ ಇದ್ರೆ ಹಾರ್ಟ್‌ಗೆ ತೊಂದ್ರೆ, ಆಸ್ಪತ್ರೆಗೆ ಹಾಕ್ಬೇಕಾಗುತ್ತೆ ಅಂತಿದಾರೆ. ಈಗ ಆಸ್ಪತ್ರೆಗೆ ಹಾಕಿದ್ರೆ ನಮ್ಮನ್ನ ಒಳಗೇ ಬಿಡಲ್ಲ ಆಂಟಿ. ಅವಳಿಗೆ ಡಚ್ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ."

"ಎಂತೆಂತ ತಗೊಳ್ತಾರೆ ಅವರು? ಕಷಾಯ ಉಂಟಾ?"

"ಅದೇ. ಕಷಾಯದ ಪುಡಿ ತಾನೇ ಮಾಡ್ತಾಳೆ. ಡಾಕ್ಟರ್ ಆ ಇಂಡಿಯನ್ ಪುಡಿ ನಿಲ್ಸಿ ಅಂದ್ರು. ನಾನು ಡಬ್ಬ ಎತ್ತಿಟ್ಟು ವಾರಗಳೇ ಆಯ್ತು. ಆದ್ರೂ ಪೊಟ್ಯಾಸಿಯಂ ಮೇಲೆ ಬರ್ತಿಲ್ಲ. ನಂಗನ್ಸುತ್ತೆ ಅಮ್ಮ ಕದ್ದು ಕುಡೀತಿದಾಳೆ."

ಹಿಂದಿನಿಂದ ಒಂದು ದನಿ ಸಿಡಿಯಿತು. "ಏನೇ, ನಾನು ಕಳ್ಳೀನಾ? ಮಗಳ ಮನೇಲಿ ಕದ್ದು ಕುಡಿಯೋ ಗತಿ ಬಂತಾ ನಂಗೆ?"

"ಅಮ್ಮ, ಪ್ಲೀಸ್."

"ಪ್ಲೀಸೂ ಇಲ್ಲ ಪಿಳ್ಳೇನೂ ಇಲ್ಲ. ಅವರಿಗೆ ಹೇಳು, ನನ್ನ ಪುಡಿ ಪರೀಕ್ಷೆ ಮಾಡಲಿ. ನಲವತ್ತು ವರ್ಷದಿಂದ ಮಾಡ್ತಿದೀನಿ, ಒಬ್ಬರಿಗೆ ಏನಾಗಿದೆ ಕೇಳು."

ಪುಡಿಯಲ್ಲಿ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಒಣಶುಂಠಿ, ಹಿಪ್ಪಲಿ, ಅರಿಶಿನ ಮತ್ತು ಜೇಷ್ಠಮಧು ಇದ್ದವು. ಊರಿನ ಗ್ರಂಧಿಗೆ ಅಂಗಡಿಯಿಂದ ತಂದದ್ದು ಮುಗಿದ ಮೇಲೆ ಆಮ್ಸ್ಟೆಲ್‌ವೀನ್‌ನ ಇಂಡಿಯನ್ ಅಂಗಡಿಯಲ್ಲಿ ಕೊಂಡು ಮಾಡುತ್ತಿದ್ದರಂತೆ. ಲಾಕ್‌ಡೌನಿನಲ್ಲಿ ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಆ ಪುಡಿ ಹಂಚಿಕೆಯಾಗಿತ್ತು. ಮಕ್ಕಳು ಅವರನ್ನು ಕಷಾಯದ ಅಜ್ಜಿ ಎಂದು ಕರೆಯುತ್ತಿದ್ದರು. ಪುಡಿಯ ಮೇಲೆ ಅಪವಾದ ಬಂದರೆ ಅವರಿಗೆ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಖಾಸಗಿ ಮನೆಗಳ ಮಾದರಿ ತೆಗೆದುಕೊಳ್ಳುವ ಕ್ರಮ ನಮ್ಮಲ್ಲಿ ಇರಲಿಲ್ಲ. ಯೋಸ್‌ಗೆ ವಿಷಯ ಹೇಳಿದೆ. ಅವನು, "ನಮ್ಮ ಹೊಸ ವಿಧಾನ ಹತ್ತಾರು ಮಸಾಲೆ ಬೆರೆತ ಪುಡಿಯಲ್ಲೂ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಿತ್ತಲ್ಲ" ಎಂದ. ಅವನು ಹೂಂ ಎನ್ನುವ ರೀತಿ ಅದು.

ರಶ್ಮಿ ಅಂಚೆಯಲ್ಲಿ ಕಳಿಸಿದ ಪುಡಿಯನ್ನು ತೂಗಿ, ಸುಮಿತ್ರಮ್ಮ ಮಾಡುವ ಹಾಗೆಯೇ ನೀರಿನಲ್ಲಿ ಕುದಿಸಿ, ಸೋಸಿ ಯಂತ್ರಕ್ಕೆ ಕೊಟ್ಟೆ. ಗೆರೆ ಏರುವ ಹೊತ್ತಿಗೆ ಸರಿಯಾಗಿ ಏರಿತು, ಆದರೆ ಸಣ್ಣಗೆ. ದಿನಕ್ಕೆ ಎರಡು ಲೋಟ ಕುಡಿದರೂ ಇಷ್ಟರಿಂದಲೇ ಕಾಲು ಏಳದಂತಾಗುವುದು ಕಷ್ಟ. ಬೇರೊಂದು ದಿನ ಬೇರೊಂದು ಚಮಚ ಪುಡಿ ತೆಗೆದುಕೊಂಡು ಮಾಡಿದೆ. ಅಷ್ಟೇ. ಇದಕ್ಕಿಂತ ವಿಚಿತ್ರವೆಂದರೆ ಆ ಸಣ್ಣದನ್ನೂ ನಿಲ್ಲಿಸಿದ ಮೇಲೆ ಅವರ ಪೊಟ್ಯಾಸಿಯಂ ಇಳಿದೇ ಇತ್ತು. ಕದ್ದು ಕುಡಿಯುತ್ತಿದ್ದರೂ ಈ ಪುಡಿಯಿಂದ ಅಷ್ಟು ಇಳಿಯಬಾರದು. ಹಾಗಾದರೆ ಎಲ್ಲಿಂದ?

ಪುಡಿಯನ್ನು ಎಷ್ಟು ಪರೀಕ್ಷಿಸಿದರೂ ಅದು ಹೇಳದು ಎನಿಸಿ ಒಂದು ಶನಿವಾರ ರೈಲು, ಟ್ರಾಮು ಹಿಡಿದು ಆಮ್ಸ್ಟೆಲ್‌ವೀನ್‌ಗೆ ಹೋದೆ. ರಶ್ಮಿ ಬಾಲ್ಕನಿಯಲ್ಲಿ ದೂರ ದೂರ ಮೂರು ಕುರ್ಚಿ ಹಾಕಿದ್ದಳು. ಸುಮಿತ್ರಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದರು. ಎಪ್ಪತ್ತು ದಾಟಿದ, ಚುರುಕು ಕಣ್ಣಿನ ಹೆಂಗಸು. ತಾಯಿ ಮಗಳು ನೇರವಾಗಿ ಮಾತಾಡುತ್ತಿರಲಿಲ್ಲ, ಇಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದರು.

"ನೋಡಿ ವಾರಿಜಾ ಅವರೇ, ಅವಳಿಗೆ ಹೇಳಿ, ನಾನು ಕಷಾಯ ಮುಟ್ಟಿಲ್ಲ. ಗಂಟಲು ಕೆರೆದ್ರೂ ಮುಟ್ಟಿಲ್ಲ."

"ಗಂಟಲು ಕೆರೆದ್ರೆ ಮತ್ತೆ ಎಂತ ಮಾಡ್ತೀರಿ?" ಎಂದು ಕೇಳಿದೆ.

"ಇನ್ನೇನು, ಯಾನೆಕ್ ಕೊಟ್ಟ ಚಹಾ ಕುಡೀತೀನಿ. ನಮ್ಮೋರ ಪುಡಿ ಆಗಲ್ಲ ಅಂದ್ಮೇಲೆ ಅವರದನ್ನೇ ಕುಡಿಯೋದು ತಾನೆ." ಎಂದು ಮಾಸ್ಕು ಇಳಿಸಿ ನಕ್ಕರು.

ನಕ್ಕಾಗ ನೋಡಿದೆ. ಅವರ ನಾಲಿಗೆ ಕಪ್ಪಗಿತ್ತು.

ಯಾನೆಕ್ ಪಕ್ಕದ ಫ್ಲ್ಯಾಟಿನ ಡಚ್ ವೃದ್ಧೆ, ಒಬ್ಬರೇ ಇರುವವರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಲಾಕ್‌ಡೌನ್ ಆದಾಗ ಸುಮಿತ್ರಮ್ಮ ಒಂದು ಚೀಲ ಕಷಾಯದ ಪುಡಿಯನ್ನು ಅವರ ಬಾಗಿಲಿಗೆ ತೂಗುಹಾಕಿ, ಗಂಟಲು ಮುಟ್ಟಿ, ಕುಡಿಯುವ ಸನ್ನೆ ಮಾಡಿ ಬಂದಿದ್ದರಂತೆ. ಮರುದಿನ ಇವರ ಬಾಗಿಲಲ್ಲಿ ಒಂದು ಚೀಲ ತೂಗುತ್ತಿತ್ತು. ಒಳಗೆ ಗಂಟಲಿನ ಚಹಾದ ಪೊಟ್ಟಣ, ಜೊತೆಗೆ ಕಪ್ಪು ಮಿಠಾಯಿ. ಅಂದಿನಿಂದ ವಾರಕ್ಕೊಮ್ಮೆ ಚೀಲಗಳು ಅತ್ತಿತ್ತ ಹೋಗುತ್ತಿದ್ದವು.

"ತನ್ನಿ, ನೋಡುವ" ಎಂದೆ.

ರಶ್ಮಿ ಒಳಗಿಂದ ಚಹಾ ಮತ್ತು ಮಿಠಾಯಿ ಚೀಲ ತಂದಳು. ಚಹಾದ ಪೊಟ್ಟಣದ ಮುಂದೆ ಹೂವು, ಜೇನಿನ ಚಿತ್ರ. ಹಿಂದೆ ಸಣ್ಣ ಅಕ್ಷರದಲ್ಲಿ ಮೊದಲ ಹೆಸರೇ ಝೂಟ್‌ಹೌಟ್, ಅಂದರೆ ಸಿಹಿಕಟ್ಟಿಗೆ. ಮಿಠಾಯಿಯೋ, ಇಲ್ಲಿನವರು ಹಗಲಿಡೀ ಬಾಯಾಡಿಸುವ ಡ್ರಾಪ್.

"ಸುಮಿತ್ರಮ್ಮ, ಇದು ಯಾವುದು ಗೊತ್ತುಂಟಾ? ಈ ಚಹಾದಲ್ಲಿರುವುದೂ ಈ ಮಿಠಾಯಿಯಲ್ಲಿರುವುದೂ ನಿಮ್ಮ ಜೇಷ್ಠಮಧುವೇ."

ಅವರು ಒಂದು ಡ್ರಾಪ್ ಕೈಗೆತ್ತಿಕೊಂಡು ಮೂಸಿ ನೋಡಿದರು. "ಅಯ್ಯೋ ಶಿವನೇ! ಅದಕ್ಕೇ ಬಾಯಿಗೆ ಹಿಡಿಸ್ತು ಅನ್ನಿ. ಎಲ್ಲೋ ತಿಂದ ರುಚಿ ಅಲ್ವಾ ಇದು ಅನ್ಕೋತಿದ್ದೆ. ದಿನಾ ಇಷ್ಟು" ಎಂದು ಅಂಗೈ ಬೊಗಸೆ ಮಾಡಿ ತೋರಿಸಿದರು. "ಕಷಾಯ ನಿಂತ್ಮೇಲೆ ಇನ್ನೂ ಜಾಸ್ತಿನೇ ಆಯ್ತು."

ರಶ್ಮಿ ಮಿಠಾಯಿ ಚೀಲವನ್ನು ದೂರ ಸರಿಸಿದಳು. "ಅಮ್ಮ, ನಾನೇ ಸೂಪರ್ ಮಾರ್ಕೆಟ್‌ನಿಂದ ಇದನ್ನ ತಂದುಕೊಡ್ತಿದ್ನಲ್ಲ. ಬೇಜಾರಲ್ಲಿದೀಯ, ಏನೋ ಒಂದು ತಿನ್ನಲಿ ಅಂತ."

"ನಾನು ವೈದ್ಯಳಲ್ಲ, ಎಷ್ಟುಂಟು ಅಂತ ಅಳೆದು ಆಮೇಲೆ ಹೇಳ್ತೇನೆ" ಎಂದೆ. "ಆದರೆ ಅಳತೆಗೆ ಕಾಯುವುದು ಬೇಡ. ಇವತ್ತಿಂದಲೇ ಚಹಾ, ಮಿಠಾಯಿ, ಕಷಾಯ ಮೂರೂ ನಿಲ್ಲಿಸಿ. ರಶ್ಮಿ, ಈಗಲೇ ಡಾಕ್ಟರಿಗೆ ಫೋನ್ ಮಾಡಿ ಇದನ್ನು ಹೇಳು."

ಶನಿವಾರವಾದ್ದರಿಂದ ತುರ್ತು ವೈದ್ಯರಿಗೇ ಫೋನು ಮಾಡಬೇಕಾಯಿತು. ಅವರು ಎಲ್ಲ ಕೇಳಿ, ಎಲ್ಲವನ್ನೂ ನಿಲ್ಲಿಸಲು ಹೇಳಿ, ಪೊಟ್ಯಾಸಿಯಮ್ಮಿಗೆ ಮದ್ದು ಬರೆದು, ಸೋಮವಾರವೇ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಎಂದರು. ರಶ್ಮಿ ಫೋನು ಇಡುವಷ್ಟರಲ್ಲಿ ಸುಮಿತ್ರಮ್ಮ ಗೋಡೆ ಹಿಡಿದು ಎದ್ದು ನಿಂತಿದ್ದರು.

"ಎಲ್ಲಿಗಮ್ಮ?"

"ಯಾನೆಕ್ ಹತ್ರ. ಅವಳೂ ಈ ಮಿಠಾಯಿ ತಿಂತಾಳೆ, ಈ ಚಹಾ ಕುಡೀತಾಳೆ, ಮೇಲೆ ನಾನು ಕೊಟ್ಟ ಕಷಾಯ ಬೇರೆ. ಹೋದ ವಾರ ಕಾಲು ತೋರಿಸಿದ್ಳು ಕಣೇ, ಊದಿಕೊಂಡು ಕಂಬ ಆಗಿತ್ತು."

ಇದು ನನಗೆ ಹೊಳೆದಿರಲಿಲ್ಲ. ಮೂವರೂ ಹೋಗಿ ಬೆಲ್ಲು ಒತ್ತಿ ಹಿಂದೆ ಸರಿದು ನಿಂತೆವು. ಬಾಗಿಲು ತೆರೆದ ಯಾನೆಕ್ ನಮ್ಮ ಗುಂಪು ನೋಡಿ ಗಾಬರಿಯಾದರು. ನಾನು ಡಚ್ಚಿನಲ್ಲಿ ವಿವರಿಸಿದೆ. ಅವರು ಮೊದಲು ನಂಬಲಿಲ್ಲ.

"ಡ್ರಾಪ್ ನಾನು ಹುಟ್ಟಿದಾಗಿನಿಂದ ತಿನ್ನುತ್ತಿದ್ದೇನೆ, ಅದರಿಂದ ಏನೂ ಆಗಿಲ್ಲ" ಎಂದರು. ಆ ಧಾಟಿಯನ್ನು ನಾನು ಕೆಲವೇ ದಿನಗಳ ಹಿಂದೆ ಫೋನಿನಲ್ಲಿ ಕನ್ನಡದಲ್ಲಿ ಕೇಳಿದ್ದೆ.

"ಮೊದಲು ಡ್ರಾಪ್ ಒಂದೇ ಇತ್ತು. ಈಗ ಚಹಾ, ಅದರ ಮೇಲೆ ಕಷಾಯ. ಎಲ್ಲವೂ ಒಂದೇ ಬೇರು" ಎಂದೆ. ಸುಮಿತ್ರಮ್ಮನಿಗೆ ನನ್ನ ಮಾತು ಅರ್ಥವಾಗಲಿಲ್ಲ, ಆದರೆ ಯಾನೆಕ್ ಒಪ್ಪುತ್ತಿಲ್ಲ ಎನ್ನುವುದು ಅರ್ಥವಾಯಿತು. ಅವರು ತಮ್ಮ ನಾಲಿಗೆ ಚಾಚಿ ತೋರಿಸಿದರು. ಆಮೇಲೆ ತಮ್ಮ ಕಾಲನ್ನು ಕೈಯಿಂದ ಎತ್ತಿ ಇಟ್ಟು, ಯಾನೆಕ್ ಕಾಲಿನ ಕಡೆ ಬೆರಳು ಮಾಡಿದರು. ಯಾನೆಕ್ ಕೈಯಲ್ಲಿದ್ದ ಕನ್ನಡಕ ಹಾಕಿಕೊಂಡು, "ನನ್ನ ವೈದ್ಯರಿಗೆ ಏನೆಂದು ಹೇಳಬೇಕು, ಬರೆದುಕೊಡಿ" ಎಂದರು.

ವಾರದ ಕೊನೆಗೆ ಸುಮಿತ್ರಮ್ಮನ ರಕ್ತ ಸರಿದಾರಿಗೆ ಬರತೊಡಗಿತು. ಮಾತ್ರೆಗಳನ್ನು ನಿಧಾನವಾಗಿ ಕಡಿಮೆ ಮಾಡಿದರು. ಯಾನೆಕ್ ಕಾಲಿನ ಊತವೂ ಇಳಿಯಿತು.

ನಾನು ಲ್ಯಾಬಿನಲ್ಲಿ ಚಹಾವನ್ನೂ ಮಿಠಾಯಿಯನ್ನೂ ಅಳೆದೆ. ಡ್ರಾಪ್‌ಗಳಲ್ಲಿ ಒಂದು ಬಗೆಗೂ ಇನ್ನೊಂದು ಬಗೆಗೂ ಅಜಗಜಾಂತರ. ನೋಡಲು ಎಲ್ಲವೂ ಕಪ್ಪೇ, ಆದರೆ ಕೆಲವುಗಳಲ್ಲಿ ಬೇರಿನ ಅಂಶ ಅಷ್ಟಕ್ಕಷ್ಟೆ, ಕೆಲವುಗಳಲ್ಲಿ ಗೆರೆ ಪರದೆಯಿಂದ ಹೊರಗೆ ಹೋಗುವ ಹಾಗೆ ಏರಿತು. ಯೋಸ್ ಬಂದು ನನ್ನ ಹಿಂದೆ ನಿಂತು ನೋಡುತ್ತಿದ್ದವನು ಕೋಟಿನ ಜೇಬಿಗೆ ಕೈ ಹಾಕಿ ತನ್ನ ಡ್ರಾಪ್ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

"ಇದನ್ನೂ ನೋಡು."

ಅವನದು ಏರಿದ ಬಗೆಯದೇ. ಫಲಿತಾಂಶ ತೋರಿಸಿದಾಗ ಅದನ್ನು ಎರಡು ಸಲ ಓದಿ, "ಮತ್ತೊಮ್ಮೆ ಅಳೆ" ಎಂದ. ಅಳೆದೆ. ಆಮೇಲೆ ಕಾಫಿಯ ಹೊತ್ತಿಗೆ ಅವನು ಡ್ರಾಪ್ ತಿನ್ನುವುದು ನನಗೆ ಕಾಣಲಿಲ್ಲ. ಬಿಟ್ಟನೋ, ನನ್ನ ಎದುರಿಗೆ ಮಾತ್ರ ಬಿಟ್ಟನೋ ತಿಳಿಯದು.

ಲೆಕ್ಕವೆಲ್ಲ ಆದ ಮೇಲೆ ಮತ್ತೆ ಆಮ್ಸ್ಟೆಲ್‌ವೀನ್‌ಗೆ ಹೋದೆ. ಈ ಸಲ ಸುಮಿತ್ರಮ್ಮ ತಾವೇ ಬಾಗಿಲು ತೆರೆದರು, ಗೋಡೆ ಹಿಡಿಯಲಿಲ್ಲ. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ತಾಯಿ ಮಗಳು ಈಗ ಮಾತಾಡುತ್ತಿದ್ದರು, ಅಷ್ಟೇ ಅಲ್ಲ, ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಬೇಕೋ ಬೇಡವೋ ಎಂದು ಜಗಳವಾಡುತ್ತಿದ್ದರು.

ತಟ್ಟೆ ನನ್ನ ಕೈಗಿತ್ತು ಸುಮಿತ್ರಮ್ಮ ಎದುರಿಗೆ ಕೂತರು. "ಸುತ್ತಿ ಬಳಸಿ ಹೇಳ್ಬೇಡಿ. ನನ್ನ ಪುಡಿದು ತಪ್ಪಿತ್ತೋ ಇಲ್ವೋ, ಅದೊಂದು ಹೇಳಿ."

ಇಲ್ಲ ಎಂದು ಹೇಳಿಬಿಡುವುದು ಸುಲಭವಿತ್ತು. ರಶ್ಮಿಯೂ ತಾಯಿಯ ಹಿಂದೆ ನಿಂತು, ಇಲ್ಲ ಅನ್ನಿ ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಆದರೆ ಮೂರರ ಅಳತೆಯನ್ನೂ ನಾನೇ ಮಾಡಿದ್ದೆ.

"ಪಾಲು ಉಂಟು ಸುಮಿತ್ರಮ್ಮ. ಮಿಠಾಯಿಯದು ಎಲ್ಲಕ್ಕಿಂತ ದೊಡ್ಡದು, ಚಹಾದ್ದು ಅದಕ್ಕಿಂತ ಕಡಿಮೆ, ನಿಮ್ಮ ಪುಡಿಯದು ಎಲ್ಲಕ್ಕಿಂತ ಸಣ್ಣದು. ಆದರೆ ಉಂಟು."

ರಶ್ಮಿ ಬಂದು ತಾಯಿಯ ಪಕ್ಕದಲ್ಲಿ ಕೂತು, "ಅಮ್ಮ, ಕದ್ದು ಕುಡೀತೀಯ ಅಂದ್ಬಿಟ್ಟೆ. ಸಾರಿ" ಎಂದಳು.

"ಹೋಗ್ಲಿ ಬಿಡೇ" ಎಂದರು ಸುಮಿತ್ರಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಪಾಲು ಇದೆ ಅಂದ್ರಲ್ಲ, ಹಾಗಾದ್ರೆ ಕೊಟ್ಟೋರಿಗೆಲ್ಲ ಹೇಳ್ಬೇಕು. ಫೋನ್ ಕೊಡೇ" ಎಂದರು.

ಪುಡಿ ಹೋದ ಮನೆಗಳಿಗೆಲ್ಲ ಫೋನು ಹಚ್ಚಿದರು. ನಾನು ಉಪ್ಪಿಟ್ಟು ತಿನ್ನುತ್ತ ಕೇಳುತ್ತಿದ್ದೆ. ಒಬ್ಬರು ಪುಡಿಯನ್ನು ಹಾಲಿಗೆ ಹಾಕುತ್ತಿದ್ದರು, ಒಬ್ಬರು ಅರ್ಧ ಆಗುವವರೆಗೆ ಬತ್ತಿಸುತ್ತಿದ್ದರು, ಒಬ್ಬರು ಸಾರಿಗೆ ಹಾಕಿಕೊಂಡಿದ್ದರು. ಒಂದು ಮನೆಯವರು ಮುಟ್ಟೇ ಇರಲಿಲ್ಲ, ಹಾಗೆಂದು ಹೇಳಲು ನಾಚಿ ಬಹಳ ಚೆನ್ನಾಗಿತ್ತು ಎನ್ನುತ್ತಿದ್ದರು. ಹಾರ್ಲೆಮ್‌ನ ಒಬ್ಬ ಹುಡುಗಿ ಬಸುರಿ, ದಿನವೂ ಮೂರು ಲೋಟ ಕುಡಿಯುತ್ತಿದ್ದಳು. ಬಸುರಿಯರು ಜೇಷ್ಠಮಧುವಿನಿಂದ ದೂರ ಇರುವುದೇ ಒಳ್ಳೆಯದು ಎಂದು ನಾನು ಹೇಳಿದ್ದನ್ನು ಕೇಳಿ ಸುಮಿತ್ರಮ್ಮ ಫೋನಿನಲ್ಲಿ, "ಇವತ್ತೇ ಚೆಲ್ಲಿಬಿಡು ಕಂದಾ, ನನ್ನ ಮುಖ ನೋಡ್ಬೇಡ. ಸೂಲಗಿತ್ತಿಗೂ ಒಂದು ಮಾತು ಹೇಳು" ಎಂದರು. ಆ ಹುಡುಗಿಗೆ ಏನೂ ತೊಂದರೆಯಾಗದೆ ಮುಂದೆ ಹೆಣ್ಣುಮಗು ಆಯಿತು.

ಹೊಸಬರಿಗೆ ನಾನು ಹೇಳುವುದು ಇದನ್ನೇ. ಪುಡಿಯಲ್ಲಿ ಎಷ್ಟಿದೆ ಎಂದು ಲ್ಯಾಬು ಹೇಳಬಲ್ಲದು. ಅದನ್ನು ಯಾರು, ಯಾವುದರ ಜೊತೆ, ಎಷ್ಟು ಕುಡಿಯುತ್ತಾರೆ ಎಂದು ತಿಳಿಯಬೇಕಾದರೆ ಕೋಟು ತೆಗೆದಿಟ್ಟು ಹೊರಗೆ ಹೋಗಿ ಕೇಳಬೇಕು. ಅಂದಿನ ಫೋನುಗಳ ನಂತರ ನಾನು ಎಷ್ಟೋ ಗಿರಾಕಿಗಳಿಗೆ, ಇದನ್ನು ನೀವು ಮನೆಯಲ್ಲಿ ಹೇಗೆ ಬಳಸುತ್ತೀರಿ ಎಂದು ಕೇಳಿದ್ದೇನೆ. ಬಂದ ಉತ್ತರಗಳಲ್ಲಿ ಪೊಟ್ಟಣದ ಹಿಂದಿನ ಸೂಚನೆಗೆ ಹೊಂದಿದ್ದು ಕಡಿಮೆ.

ಅಂದು ನಾನು ಹೊರಡುವ ಮುನ್ನ, ಯಂತ್ರ ಬರೆದ ತಮ್ಮ ಪುಡಿಯ ಗೆರೆಯ ಚಿತ್ರವನ್ನು ಸುಮಿತ್ರಮ್ಮ ಕೇಳಿ ಇಸಿದುಕೊಂಡರು. ಕನ್ನಡಕ ಹಾಕಿ ಎಡದಿಂದ ಬಲಕ್ಕೆ ನೋಡುತ್ತ ಹೋದರು.

"ಇದು ಜೇಷ್ಠಮಧು ಅಂದ್ರಿ. ಇದು?"

"ಮೆಣಸಿನ ಖಾರ."

"ಇದು?"

"ಅರಿಶಿನ."

"ಕೊನೇಲಿ ಈ ದೊಡ್ಡ ಗುಡ್ಡ ಇದೆಯಲ್ಲ, ಇದೇನು?"

"ಗೊತ್ತಿಲ್ಲ" ಎಂದೆ.

"ಎಲ್ಲಕ್ಕಿಂತ ದೊಡ್ಡದೇ ಗೊತ್ತಿಲ್ವಾ?" ಎಂದು ನಕ್ಕರು. ಈಗ ನಾಲಿಗೆ ಕೆಂಪಗಿತ್ತು.

ಬೇಕಾದ ಪೀಕ್ ಅಳೆದಾದ ಮೇಲೆ ಉಳಿದವನ್ನು ಬಿಟ್ಟುಬಿಡುವುದು ನಮ್ಮ ಕೆಲಸದ ಪದ್ಧತಿ. ಆದರೆ ಆ ಪ್ರಶ್ನೆ ಟ್ರಾಮಿನಲ್ಲಿ ಮನೆಯವರೆಗೂ ನನ್ನ ಜೊತೆ ಬಂತು. ಪುಡಿಯಲ್ಲಿರುವ ಒಂದೊಂದು ಪದಾರ್ಥವನ್ನೂ ಬೇರೆ ಬೇರೆಯಾಗಿ ಕೊಂಡು ತಂದು ಪರೀಕ್ಷಿಸಿದೆ. ಯಾವುದರಲ್ಲೂ ಆ ಗುಡ್ಡ ಇರಲಿಲ್ಲ. ಎಲ್ಲ ಬೆರೆಸಿದರೂ ಬರಲಿಲ್ಲ. ಸುಮಿತ್ರಮ್ಮನಿಗೆ ಫೋನು ಮಾಡಿ, ಪುಡಿ ಮಾಡುವ ಕ್ರಮವನ್ನು ಮೊದಲಿನಿಂದ ಹೇಳಿ ಎಂದೆ.

"ಎಲ್ಲಾ ಬೆಚ್ಚಗೆ ಹುರೀತೀನಿ. ಮಿಕ್ಸಿಗೆ ಹಾಕ್ತೀನಿ. ಬಿಸಿ ಇರುವಾಗ್ಲೇ ಚೀಲಕ್ಕೆ ತುಂಬಿ ಕಟ್ಟಿ ಡಬ್ಬದಲ್ಲಿಡ್ತೀನಿ, ಘಮ ಹೋಗ್ಬಾರ್ದಲ್ಲ."

"ಎಂಥ ಚೀಲ?"

"ಇಲ್ಲೇ ಸಂತೇಲಿ ಸಿಗುತ್ತಲ್ಲ, ಮೆತ್ತನೆ ಪ್ಲಾಸ್ಟಿಕ್ಕು."

ಜೇಷ್ಠಮಧು ಬಿಟ್ಟು ಹೊಸ ಪುಡಿ ಮಾಡಿ, ಅರ್ಧವನ್ನು ಅದೇ ಚೀಲದಲ್ಲೂ ಅರ್ಧವನ್ನು ಆರಿಸಿ ಗಾಜಿನ ಬಾಟಲಿಯಲ್ಲೂ ಹಾಕಿ, ಕೆಲವು ವಾರ ಇಟ್ಟು ಕಳಿಸಿ ಎಂದೆ. ಅವರು ಉತ್ಸಾಹದಿಂದ ಮಾಡಿದರು. ಬಾಟಲಿಯ ಪುಡಿಯಲ್ಲಿ ಗುಡ್ಡ ಇರಲಿಲ್ಲ, ಚೀಲದ ಪುಡಿಯಲ್ಲಿ ಇತ್ತು. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಹಾಕುವ ಎಣ್ಣೆಯಂಥ ವಸ್ತುವನ್ನು ಬಿಸಿ ಪುಡಿಯ ಜಿಡ್ಡು ಹೀರಿಕೊಂಡಿತ್ತು. ಅದು ಸ್ವಲ್ಪವೇ ಇದ್ದರೂ ಗೆರೆ ಬಹಳ ಏರುತ್ತದೆ, ಗಾಬರಿಪಡುವಷ್ಟಿರಲಿಲ್ಲ, ಆದರೆ ಇರಬಾರದ ವಸ್ತು. ಯೋಸ್ ಎರಡು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿ, "ಆ ಹೆಂಗಸಿಗೆ ಕೆಲಸ ಬೇಕೇ ಕೇಳು" ಎಂದ. ಅವನು ನಕ್ಕದ್ದನ್ನು ನೋಡಿದ ಅಪರೂಪದ ದಿನಗಳಲ್ಲಿ ಅದೊಂದು.

ಮರುವರ್ಷ ಸುಮಿತ್ರಮ್ಮ ಮೈಸೂರಿಗೆ ಹೊರಟರು. ಯಾನೆಕ್ ಟ್ರಾಮ್ ನಿಲ್ದಾಣದವರೆಗೂ ಬಂದಿದ್ದರಂತೆ. ಅದರ ಮರುವರ್ಷ ನಾನು ನಿವೃತ್ತಳಾದೆ. ಅದಕ್ಕೆಲ್ಲ ಮೊದಲು, ಚೀಲದ ವಿಷಯ ತಿಳಿಸಲು ನಾನು ಸುಮಿತ್ರಮ್ಮನಿಗೆ ಫೋನು ಮಾಡಿದ ದಿನ, ಆ ಕಡೆಯಿಂದ ಗೆರೆಯ ಚಿತ್ರದ ಕಾಗದ ಬಿಡಿಸುವ ಸದ್ದು ಕೇಳಿಸಿತ್ತು.

"ಸರಿ, ದೊಡ್ಡದು ಗೊತ್ತಾಯ್ತು" ಎಂದರು. "ಅದರ ಪಕ್ಕದಲ್ಲೊಂದು ಸಣ್ಣದಿದೆಯಲ್ಲ, ಅದೇನು?"

ಅದು ಬಾಟಲಿಯ ಪುಡಿಯಲ್ಲೂ ಇದೆ, ಚೀಲದ ಪುಡಿಯಲ್ಲೂ ಇದೆ. ಹಿಪ್ಪಲಿಯನ್ನು ಹುರಿದಾಗ ಮಾತ್ರ ಬರುತ್ತದೆ ಎನ್ನುವವರೆಗೆ ಹೋಗಿದ್ದೆ, ಅಷ್ಟರಲ್ಲಿ ಲ್ಯಾಬಿನ ಬೀಗದ ಕೈ ಹಿಂದಿರುಗಿಸುವ ದಿನ ಬಂತು. ಮನೆಗೆ ಬಂದ ಆ ಇಬ್ಬರು ಹುಡುಗಿಯರಿಗೆ ಗೆರೆಯ ಚಿತ್ರದ ಒಂದು ಪ್ರತಿ ಕೊಟ್ಟು ಕಳಿಸಿದ್ದೇನೆ.